ಅಳುಬುರುಕಿಯ ಒಣ ಕಣ್ಣು

ವಿಜಯಪುರದ ಸ್ಟೇಷನ್ ರಸ್ತೆಯ ದವಾಖಾನೆಯಲ್ಲಿ ಕಣ್ಣಿನ ಡಾಕ್ಟರು ನನ್ನ ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷ ಕಣ್ಣು ಮುಚ್ಚಿ ಕೂತಿರಿ ಎಂದರು. ಕಣ್ಣೀರು ಎಷ್ಟಿದೆಯೆಂದು ಅಳೆಯುವ ಪರೀಕ್ಷೆಯಂತೆ. ತಿಕೋಟಾದಿಂದ ಜೊತೆಗೆ ಬಂದಿದ್ದ ನೆಗೆಣ್ಣಿ, ನನ್ನ ಭಾವನ ಹೆಂಡತಿ, ಕಿಸಕ್ಕನೆ ನಕ್ಕಳು.

“ಈಕಿಗಿ ಕಾಗದ ಸಾಲೂದಿಲ್ರಿ ಸಾಹೇಬ್ರ, ಬಕೆಟ್ ಇಡ್ರಿ! ಗುಡ್ಯಾಗ ಮಂದಿ ಮುಂದ ಅತ್ತು ಅತ್ತು ನಮ್ಮ ಮನಿ ಮರ್ಯಾದಿ ಕಳದಾಳ.”

ನಾನು ಅತ್ತಿರಲಿಲ್ಲ. ಕಣ್ಣು ಉರಿದು ತಾನೇ ನೀರು ಸುರಿಯುತ್ತಿತ್ತು. ಅದನ್ನು ಅಳು ಎಂದು ಓಣಿಗೆಲ್ಲ ಸಾರಿದವಳು ಇವಳೇ. ಆ ನಾಚಿಕೆಗೆ ನಾನು ಗುಡಿಗೆ ಹೋಗುವುದನ್ನೇ ಬಿಟ್ಟಿದ್ದೆ.

ಡಾಕ್ಟರು ಪಟ್ಟಿ ತೆಗೆದು ತೋರಿಸಿದರು. ತುದಿಯಷ್ಟೇ ಒದ್ದೆಯಾಗಿತ್ತು.

“ಇವರ ಕಣ್ಣು ಒಣಗ್ಯಾವ್ರಿ. ಉರಿ ತಾಳಲಾರ್ದ ಆಗಾಗ ನೀರು ಸುರಸ್ತಾವ. ಅದು ಅಳು ಅಲ್ಲ.”

ನೆಗೆಣ್ಣಿ ತಡವರಿಸಲಿಲ್ಲ. “ಹಂಗಾರ ಇಷ್ಟ ದಿನಾ ನಾಟಕಾ ಮಾಡಿದ್ಲು ಅನ್ರಿ!”

ಇಂಥವರಿಗೆ ದೇವರೇ ಬಂದು ಸಾಕ್ಷಿ ಹೇಳಿದರೂ ಅವನ ಮೇಲೆಯೇ ಅನುಮಾನ. ಹನಿ ಔಷಧಿ ಸಿಕ್ಕಿತು, ಉರಿ ತಗ್ಗಿತು, ಅಷ್ಟು ಅವನ ದಯೆ. ಈಗ ಸೋಮವಾರ ಗುಡಿಯಲ್ಲಿ ಎಲ್ಲರ ಮುಂದೆಯೇ ಕೂರುತ್ತೇನೆ. ಒಮ್ಮೊಮ್ಮೆ ನೀರು ಸುರಿದರೆ ಒರೆಸಿಕೊಳ್ಳಲು ಅವಸರ ಮಾಡುವುದಿಲ್ಲ. ನೆಗೆಣ್ಣಿ ಕಣ್ತುಂಬ ನೋಡಲಿ.