ಪೂಜೆಕೋಣೆಗೆ ಹೊಡೆಸಿದ ರಾಕ್‌ವುಲ್

ನನ್ನ ಗಂಡನ ಕಸುಬು ಸದ್ದು ಅಡಗಿಸುವುದು. ಸಿನಿಮಾ ಹಾಲು, ರೆಕಾರ್ಡಿಂಗ್ ಕೋಣೆ, ಎಗ್ಮೋರಿನ ಹೋಟೆಲುಗಳ ಮೀಟಿಂಗ್ ಹಾಲು, ಎಲ್ಲ ಕಡೆ ಗೋಡೆಗೆ ಏನಾದರೊಂದು ಹೊಡೆಸುತ್ತಾರೆ. ಊಟಕ್ಕೆ ಕೂತರೂ ಅದೇ ಪುರಾಣ. ತೆಳು ಸ್ಪಂಜು ಚೂಪು ದನಿಯನ್ನಷ್ಟೇ ಹೀರುತ್ತದೆ, ಕಲ್ಲುನಾರಿನ ದಪ್ಪ ಹಾಸು ರಾಕ್‌ವುಲ್ ನಡುವಿನ ದನಿಯನ್ನೂ ಬಿಡುವುದಿಲ್ಲ, ಗುಂಯ್‌ಗುಡುವ ಕೆಳದನಿಗೆ ಗೋಡೆಯಿಂದ ಜಾಗ ಬಿಟ್ಟು ನಿಲ್ಲಿಸಿದ ಹಲಗೆಯೇ ಆಗಬೇಕು. ನಾನು ಹೂಂಗುಟ್ಟುತ್ತ ಬಡಿಸುತ್ತಿದ್ದೆ. ನನಗೂ ಇದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ.

ನಾನು ದಾವಣಗೆರೆ ಕಡೆಯವಳು, ಅವರದು ಮೂರು ತಲೆಮಾರಿನ ಮದ್ರಾಸು. ವೆಸ್ಟ್ ಮಾಂಬಲಂನ ಫ್ಲಾಟಿನಲ್ಲಿ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಗಟ್ಟಿಯಾಗಿ ವಚನ ಹಾಡಿದರೇ ನನಗೆ ಪೂಜೆ ಆದಂತೆ. ಶ್ರಾವಣ ಸೋಮವಾರಗಳಲ್ಲಿ ಇಲ್ಲಿರುವ ನಮ್ಮ ಕಡೆಯವರೆಲ್ಲ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಾಡುತ್ತೇವೆ. ಮೊದಲ ಸಾಲು ಎತ್ತಿಕೊಡುವವಳು ನಾನೇ. ಈ ಊರಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಮಗಳಿಗೆ ಪಕ್ಕದ ಕೋಣೆಯಲ್ಲಿ ಆನ್‌ಲೈನ್ ಕ್ಲಾಸು. "ಅಮ್ಮಾ, ಮೆದುವಾ ಪಾಡುಮ್ಮಾ," ಎಂದು ತಮಿಳಿನಲ್ಲೇ ರೇಗುತ್ತಿದ್ದಳು, ಮೆಲ್ಲಗೆ ಹಾಡಬೇಕಂತೆ. ಕನ್ನಡ ಅವಳ ಕಿವಿಗೆ ಮಾತ್ರ. ಒಮ್ಮೆ ನಾನು ತವರಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ನನ್ನವರು ಪೂಜೆಕೋಣೆಯ ಗೋಡೆ, ಸೂರು ಎಲ್ಲಕ್ಕೂ ರಾಕ್‌ವುಲ್ ಹೊಡೆಸಿ, ಮೇಲೆ ಬಟ್ಟೆ ಬಿಗಿದು, ನೆಲಕ್ಕೆ ಕಾರ್ಪೆಟ್ ಹಾಸಿದ್ದರು.

"ಇನ್ಮೇಲೆ ಯಾರಿಗೂ ತೊಂದರವಿಲ್ಲೆ. ಎಷ್ಟು ಬೇಕೋ ಅಷ್ಟು ಹಾಡು," ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಪೆದ್ದುತನಕ್ಕೆ ಈಗಲೂ ಮೈ ಉರಿಯುತ್ತದೆ.

ಮರುದಿನ ಬಾಯಿ ತೆರೆದರೆ ದನಿ ತುಟಿಯಾಚೆ ಹೋಗಲೇ ಇಲ್ಲ. ಒತ್ತಿ ಹಾಡಿದೆ. ಹತ್ತು ನಿಮಿಷಕ್ಕೆ ಗಂಟಲು ಕಟ್ಟಿತು. ದಿನಗಳೆದಂತೆ ಶ್ರುತಿಯೂ ಕೈಕೊಟ್ಟಿತು. ಐವತ್ತಾಯಿತಲ್ಲ, ದನಿ ಹೋಯಿತು ಎಂದು ನಾನೇ ತೀರ್ಮಾನಿಸಿದೆ. ನನ್ನವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಇಲ್ಲ, ವಯಸ್ಸು ಎಂದರು. ಕೊನೆಗೆ ಪೂಜೆಯನ್ನು ಬಾಯಿ ಮುಚ್ಚಿಕೊಂಡೇ ಮುಗಿಸತೊಡಗಿದೆ. ಶ್ರಾವಣ ಬಂದಾಗ, ನನ್ನ ದನಿ ಹೋಗಿದೆ, ಬೇರೆಯವರು ಎತ್ತಿಕೊಡಲಿ ಎಂದು ನಾನೇ ಎಲ್ಲರಿಗೂ ಫೋನು ಮಾಡಿ ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕಿದೆ.

ಕಡೆಯ ಸೋಮವಾರ ಅಣ್ಣಾ ನಗರದಲ್ಲಿ, ಒಬ್ಬರ ಹೊಸ ಫ್ಲಾಟಿನಲ್ಲಿ. ಸಾಮಾನು ಇನ್ನೂ ಬಂದಿರಲಿಲ್ಲ, ಬರಿಗೋಡೆ, ಬರಿ ಮಾರ್ಬಲ್ಲು. ವಿಭೂತಿ ತಟ್ಟೆ ಹಿಡಿದು ನಡೆಯುತ್ತ ಅಭ್ಯಾಸಬಲದಿಂದ ಒಂದು ಸಾಲು ಗುನುಗಿದೆ. ನನ್ನದೇ ದನಿ, ಮೊದಲಿನಂತೆಯೇ, ಹಾಲಿನ ತುಂಬ ಹರಡಿತು. ಎಲ್ಲರೂ ತಿರುಗಿದರು.

"ದನಿ ಹೋಗೇತಿ ಅಂದಿದ್ರಲ್ಲ ಅಕ್ಕಾ?" ಎಂದಳು ಮನೆಯೊಡತಿ. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ನಿಂತೆ. ಯಾರೂ ಹಾಡಿ ಎನ್ನಲಿಲ್ಲ.

ಮನೆಗೆ ಬಂದವಳೇ ಗಂಡನನ್ನು ಕೇಳಿದೆ. "ಆ ರೂಮಿನಾಗ ದನಿ ಸಾಯ್ತೇತಿ ಅಂತ ನಿಮಗ ಗೊತ್ತಿತ್ತೇನು?"

ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿಲ್ದೆ ಏನು? ಸ್ಟುಡಿಯೋದಲ್ಲಿ ಹಾಡೋರೆಲ್ಲಾ ಇದೇ ಕಂಪ್ಲೇಂಟ್ ಮಾಡ್ತಾರೆ."

"ಮತ್ತ, ಹುಡುಗಿಗೆ ಕೇಳಬಾರದು ಅಂತ ಹಾಕಿಸಿದ್ರಿ?"

"ಗೋಡೆ ದಾಟಿ ಹೋಗೋ ಸೌಂಡನ್ನ ರಾಕ್‌ವುಲ್ ಎಲ್ಲಿ ತಡೆಯುತ್ತೆ? ಅದಕ್ಕೆ ಇನ್ನೊಂದು ಗೋಡೆನೇ ಕಟ್ಟಬೇಕು," ಎಂದರು. ಚಾನೆಲ್ ಬದಲಿಸುತ್ತ ಸೇರಿಸಿದರು. "ಸ್ವಲ್ಪ ದಿನ ಹಾಡಿ ನೀನೇ ನಿಲ್ಲಿಸ್ತೀಯ ಅಂತ ಗೊತ್ತಿತ್ತು."

ಆ ವರ್ಷವಿಡೀ ದಿನಾ ಬೆಳಿಗ್ಗೆ ಎದ್ದು, ಮೆಣಸು ಕುಟ್ಟಿ, ನನ್ನ ಗಂಟಲಿಗೆಂದು ಕಷಾಯ ಕಾಸಿ ಕೊಟ್ಟವರೂ ಇವರೇ.