ಕೂಸು ತಣ್ಣಗ ಆಗೇದ

ಕಸ್ತೂರಿಬಾಯಿಗೆ ಆಸ್ಪತ್ರೆಯಲ್ಲಿ ಎರಡು ಕೆಲಸ. ಎಳೆಗೂಸುಗಳ ವಾರ್ಡಿನಲ್ಲಿ ನೆಲ ಒರೆಸಿ ಬಟ್ಟೆ ಬದಲಿಸುವುದು ಒಂದು. ಕನ್ನಡದ ತಾಯಂದಿರ ಮಾತನ್ನು ಡಾಕ್ಟರಿಗೆ ಹಿಂದಿಯಲ್ಲಿ ಮುಟ್ಟಿಸುವುದು ಇನ್ನೊಂದು. ಎರಡನೆಯದನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಇಂಡಿ ಕಡೆಯಿಂದ ಈ ಶಹರದ ಸಯನ್‌ಗೆ ಬಂದು ಇಪ್ಪತ್ತು ವರ್ಷವಾದವಳು, ಹಿಂದಿಯ ಜಂಬ ತುಸು ಹೆಚ್ಚೇ ಇತ್ತು. "ನಾ ಇಲ್ದಿದ್ರ ಡಾಕ್ಟರ್ ಮೂಕರು" ಎಂದು ಚಾಳಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಆ ವಾರ ವಾರ್ಡಿನಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಒಂದೇ ತೊಟ್ಟಿಲಿಗೆ ಎರಡೆರಡು ಕೂಸು, ಕೈ ತೊಳೆಯುವ ನಲ್ಲಿಯಲ್ಲಿ ದಾರದಷ್ಟು ನೀರು. ಸೋಮವಾರ ಒಂದು ಮಗು ರಕ್ತಕ್ಕೆ ನಂಜೇರಿ ಹೋಯಿತು, ಬುಧವಾರ ಅದರ ಪಕ್ಕದ್ದು. ಈ ಬ್ಯಾಕ್ಟೀರಿಯಾ ಯಾವ ಔಷಧಿಗೂ ಬಗ್ಗುತ್ತಿಲ್ಲವಂತೆ ಎಂದು ನರ್ಸುಗಳು ಪಿಸುಗುಟ್ಟುತ್ತಿದ್ದರು.

ಮೂರನೆಯ ತೊಟ್ಟಿಲಲ್ಲಿ ಶಿವಕುಮಾರಿಯ ಗಂಡುಮಗು. ಪರೇಲಿನಲ್ಲೊಂದು ಬಿಲ್ಡಿಂಗಿಗೆ ಇಟ್ಟಿಗೆ ಹೊರುತ್ತಿದ್ದವಳು, ದಿನ ತುಂಬುವ ಮೊದಲೇ ಹೆತ್ತಿದ್ದಳು. ಮಗು ಎರಡು ದಿನ ಒಂದೇ ಸಮನೆ ಅತ್ತು ಎಲ್ಲರನ್ನೂ ಗೋಳು ಹೊಯ್ದುಕೊಂಡಿತ್ತು. ಶುಕ್ರವಾರ ಬೆಳಿಗ್ಗೆ ಹಾಲೂಡಿಸಲು ಬಂದ ಶಿವಕುಮಾರಿ, ರೌಂಡ್ಸಿನಲ್ಲಿದ್ದ ಡಾಕ್ಟರಮ್ಮನನ್ನು ಕಂಡು ಕಸ್ತೂರಿಬಾಯಿಗೆ, "ಅಕ್ಕಾರ, ಕೂಸು ತಣ್ಣಗ ಆಗೇದ್ರಿ, ಹೇಳ್ರಿ ಅವರಿಗೆ" ಎಂದಳು.

ನಮ್ಮ ಕಡೆ ಅಳುವ ಕೂಸು ಸುಮ್ಮನಾದರೂ ತಣ್ಣಗಾಯಿತು ಅನ್ನುತ್ತಾರೆ. "ಶಾಂತ್ ಹೋ ಗಯಾ, ಮೇಡಂ" ಎಂದಳು ಕಸ್ತೂರಿಬಾಯಿ, ನಗುತ್ತಾ. ಡಾಕ್ಟರಮ್ಮ "ಗುಡ್" ಎಂದು ಮುಂದೆ ಹೋದರು. ಮುಟ್ಟಿ ನೋಡಲಿಲ್ಲ. ಈ ಕತೆ ಹೇಳುವ ನನಗೆ ಕಸ್ತೂರಿಬಾಯಿಯ ಮೇಲಿರುವಷ್ಟೇ ಸಿಟ್ಟು ಅವರ ಮೇಲೂ ಇದೆ. ಡಾಕ್ಟರಿಗೆ ತಿಳಿಯಿತಲ್ಲ ಎಂಬ ಧೈರ್ಯದಿಂದ ಶಿವಕುಮಾರಿ ಹೊರಗಿನ ಬೆಂಚಿಗೆ ಹೋಗಿ ಕುಳಿತಳು.

ಮೂರು ತಾಸಿನ ಮೇಲೆ ಬಟ್ಟೆ ಬದಲಿಸಲು ಕಸ್ತೂರಿಬಾಯಿ ಮಗುವಿನ ಕಾಲು ಹಿಡಿದಳು. ಪಾದ, ತೊಡೆ, ಹೊಟ್ಟೆ, ಎಲ್ಲ ಕೊಡದ ನೀರಿನ ಹಾಗೆ ತಣ್ಣಗಿದ್ದವು. ಕೂಗಿದಳು. ಡಾಕ್ಟರಮ್ಮ ಓಡಿ ಬಂದು ಮಗುವಿನ ಮೂಗಿಗೆ ನಳಿಕೆ ಹಾಕಿಸಿದರು, ಕೈಗೆ ಸೂಜಿ ಚುಚ್ಚಿಸಿದರು. ಕೂಗು ಕೇಳಿ ಒಳನುಗ್ಗಿದ ಶಿವಕುಮಾರಿಯನ್ನು ಕಂಡು ಗದರಿದರು, "ಸುಬಹ್ ಕ್ಯೂಂ ನಹೀ ಬತಾಯಾ? ಪೂಛೋ ಇಸೇ!"

ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಕಸ್ತೂರಿಬಾಯಿ ಕೇಳಬೇಕಿತ್ತು. ಕೇಳಲಿಲ್ಲ.

"ಇಸ್ನೇ ಬತಾಯಾ ಥಾ, ಮೇಡಂ. ಮೈನೇ ಗಲತ್ ಬೋಲಾ." ಇವಳು ಬೆಳಿಗ್ಗೆಯೇ ಹೇಳಿದ್ದಳು, ತಪ್ಪಾಗಿ ಮುಟ್ಟಿಸಿದ್ದು ನಾನೇ ಎಂದಳು.

ಡಾಕ್ಟರಮ್ಮ ಅವಳನ್ನೊಮ್ಮೆ ನೋಡಿ ಮತ್ತೆ ಮಗುವಿನ ಮೇಲೆ ಬಾಗಿದರು. ಅದರ ಉಸಿರು ಕಡಿಮೆಯಾಗುತ್ತಿತ್ತು.

ಹಿಂದಿ ತಿಳಿಯದ ಶಿವಕುಮಾರಿ ಕಸ್ತೂರಿಬಾಯಿಯ ಸೆರಗು ಹಿಡಿದು ಜಗ್ಗಿದಳು.

"ಏನಂದ್ರಿ ಅಕ್ಕಾರ ಅವರಿಗೆ? ನನಗೂ ಹೇಳ್ರಿ."