ಅಂಗಳ ಉಳಿಸಿದ ಕಾಕಾ

ಕಾಕಾ ಅವರ ಹುಬ್ಬುಗಳಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಹತ್ತಿ ವ್ಯಾಪಾರ, ಎಷ್ಟು ಒರೆಸಿಕೊಂಡರೂ ಹೋಗುತ್ತಿರಲಿಲ್ಲ. ಕುಷ್ಟಗಿಯ ಮೇಲಿನ ಓಣಿಯಲ್ಲಿ ಅವರದೂ ಅವರ ಅಣ್ಣನದೂ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇಳಿಜಾರಿನ ಕೆಳಗೆ ನಮ್ಮ ಓಣಿ, ಮಣ್ಣಿನ ಮನೆಗಳು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

ನಿಜಾಮರ ಕಾಲ. ಹತ್ತಿಗೆ ಒಳ್ಳೆಯ ಧಾರಣೆ ಬಂದಾಗ ಮೇಲಿನ ಓಣಿಯ ಬಹಳ ಜನ ಅಂಗಳಕ್ಕೆಲ್ಲ ಪರಸಿಕಲ್ಲು ಹಾಸಿದರು, ಹಿತ್ತಲಲ್ಲಿ ಗೋದಾಮು ಎಬ್ಬಿಸಿದರು. ನೀರು ಇಂಗಲು ಮಣ್ಣೇ ಉಳಿಯಲಿಲ್ಲ. ಆ ವರ್ಷದ ಹಿಂಗಾರಿ ಮಳೆ ನೇರ ನಮ್ಮ ಓಣಿಗೆ ನುಗ್ಗಿತು. ನಮ್ಮ ಪಡಸಾಲೆಯ ಗೋಡೆ ನೆನೆದು ಅಜ್ಜಿಯ ಮೇಲೆ ಕುಸಿಯಿತು. ಮಣ್ಣು ತೆಗೆಯಲು ಮೊದಲು ಓಡಿಬಂದವರು ಕಾಕಾ. ಅಜ್ಜಿ ಉಳಿಯಲಿಲ್ಲ.

ಊರ ಕಮಿಟಿಯಲ್ಲಿ ಅವರೂ ಒಬ್ಬ ಪಂಚರು. ಹಟ ಹಿಡಿದು ಒಂದು ಕಾಯಿದೆ ಮಾಡಿಸಿದರು: ಮನೆ, ಗೋದಾಮು ಏನೇ ಕಟ್ಟಲಿ, ಜಾಗದ ಒಂದು ಭಾಗವನ್ನು ಬರೀ ಮಣ್ಣಾಗಿ ಬಿಡಬೇಕು, ಕಲ್ಲು ಹಾಸಕೂಡದು. ಎಲ್ಲರಿಗಿಂತ ಮೊದಲು ತಮ್ಮ ಅಂಗಳದ ಕಲ್ಲು ಕೀಳಿಸಿದರು. ಮಳೆ ನಿಂತೊಡನೆ ನಮ್ಮ ಓಣಿಗೆ ಇಳಿದು ಬಾಗಿಲಲ್ಲೇ ನಿಂತು ಕೇಳುವರು, “ಗ್ವಾಡಿ ಹೆಂಗ ಅದಾವವ್ವಾ?”

ಕೆಲವು ವರ್ಷಗಳ ನಂತರ ಅವರ ಅಣ್ಣ ಮನೆಮುಂದಿನ ದೊಡ್ಡ ಅಂಗಳದ ತುಂಬ ಗೋದಾಮು ಕಟ್ಟಲು ಹೊರಟರು. ಅಲ್ಲೇ ಹತ್ತಿಯ ಚೀಲ ಇಳಿಸುತ್ತಿದ್ದ ನಮ್ಮಪ್ಪ ಇಬ್ಬರ ಮಾತು ಕೇಳಿಸಿಕೊಂಡಿದ್ದ.

“ಜಾಗಾ ನಂದು. ನೀ ಹೂಂ ಅಂದ್ರ ಉಳಿದ ಪಂಚರೂ ಹೂಂ ಅಂತಾರ,” ಎಂದರು ಅಣ್ಣ.

“ಜಾಗಾ ನಿಂದ ಐತಿ ಅಣ್ಣಾ, ನೀರು ಹೋಗೋದು ಅವರ ಮನಿಗೆ. ಆ ಮುದುಕಿನ್ನ ಇದ ಕೈಲೆ ಮಣ್ಣಾಗಿಂದ ತಗದೀನಿ. ನಾ ಹೂಂ ಅನ್ನಾಂಗಿಲ್ಲ.”

“ಹಂಗಾರ ಇವತ್ತಿಂದ ನಿನಗ ಅಣ್ಣ ಇಲ್ಲ.”

ಗೋದಾಮು ಏಳಲಿಲ್ಲ. ಅಣ್ಣ ಸಂಸಾರ ಸಮೇತ ಗಂಗಾವತಿಗೆ ಹೋಗಿ ಭತ್ತದ ವ್ಯಾಪಾರ ಹಿಡಿದರು. ಹಬ್ಬ ಬಂದರೆ ಕಾಕಾ ಕರೆಯಲು ಹೋಗುವರು, ಒಬ್ಬರೇ ಮರಳುವರು. ಕಡೆಗೆ ಅಣ್ಣ ತೀರಿಕೊಂಡ ಸುದ್ದಿಯನ್ನೂ ಆ ಮನೆಯವರು ಹೇಳಿ ಕಳಿಸಲಿಲ್ಲ. ಸಂತೆಗೆ ಬಂದ ಬಂಡಿಯವನೊಬ್ಬ ಹೇಳಿದ. ಕಾಕಾ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಈಗ್ಯಾಕ ಬಂದ್ರಿ?” ಎಂದು ಅತ್ತಿಗೆ ಬಾಗಿಲು ಹಾಕಿಕೊಂಡರಂತೆ.

ಆ ವರ್ಷ ಮಳೆ ಬಿಡದೆ ಸುರಿಯಿತು. ನಮ್ಮ ಓಣಿಯ ಒಂದು ಮನೆಯೂ ಬೀಳಲಿಲ್ಲ. ಅಪ್ಪ ಅದನ್ನು ಹೇಳಲು ಹೋದಾಗ ಕಾಕಾ “ಛಲೋ ಆತು” ಎಂದರು. ಆಮೇಲೆ “ನಮ್ಮಣ್ಣಗ ಇದನ್ನ ತೋರಿಸಬೇಕಿತ್ತಪಾ” ಎನ್ನುತ್ತ ಮಗುವಿನಂತೆ ಅತ್ತುಬಿಟ್ಟರು.

ನಾನು ಬೆಳೆದದ್ದು ಆ ಮಣ್ಣಿನ ಮನೆಯಲ್ಲೇ, ಮದುವೆಯಾಗಿ ಹೊರಟದ್ದೂ ಅಲ್ಲಿಂದಲೇ. ಕಾಕಾ ತೀರಿಕೊಂಡಾಗ ಓಡಿಬಂದೆ. ಅವರಿಗೆ ಮಕ್ಕಳಿರಲಿಲ್ಲ. ಗಂಗಾವತಿಗೆ ಹೇಳಿ ಕಳಿಸಿದ್ದರು. ಹೊತ್ತು ಇಳಿಯುವವರೆಗೂ ಎಲ್ಲರೂ ದಾರಿ ನೋಡಿದರು. ಅಣ್ಣನ ಮಕ್ಕಳು ಬರಲಿಲ್ಲ.

ಕಡೆಗೆ ಅಪ್ಪ ಎದ್ದು ಅವರ ತಲೆಯ ಬಳಿ ಬಾಗಿ, “ಇನ್ನ ಕಾಯೋದು ಬ್ಯಾಡ್ರಿ ಕಾಕಾ, ನಾವು ಅದೀವಿ” ಎಂದು ಚಟ್ಟಕ್ಕೆ ಹೆಗಲು ಕೊಟ್ಟ.